ಬೆಟ್ಟದ ಇಗರ್ಜಿಯ ಬೀಗದಕೈ

ಅಪ್ಪಾ,

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಬಾಗಿಲು ತಟ್ಟಿದರು. ಬೆಟ್ಟದ ಮೇಲಿನ ಹಳೇ ಇಗರ್ಜಿ ನೋಡಲು ರೋಮಿನಿಂದ ಬಂದ ವಯಸ್ಸಾದ ದಂಪತಿ. ಅದರ ಬೀಗದಕೈ ಈಗಲೂ ನಮ್ಮ ಮನೆಯ ಮೊಳೆಯಲ್ಲೇ ಇದೆ. ಊಟಕ್ಕೆಂದು ಕೊರಳಿಗೆ ಸಿಕ್ಕಿಸಿದ್ದ ಬಟ್ಟೆಯನ್ನೂ ತೆಗೆಯದೆ, ನಿನ್ನ ಹಾಗೆಯೇ, ಅವರ ಜೊತೆ ಬೆಟ್ಟ ಹತ್ತಿದೆ.

"ಅಯ್ಯೋ, ಊಟ ಬಿಟ್ಟು ಬಂದ್ರಾ? ನಾವು ಕಾಯ್ತಿದ್ವಲ್ಲ ತಾಯಿ!" ಅಂದಳು ಆ ಹೆಂಗಸು.

ಆ ಆಗಸ್ಟಿನಲ್ಲೂ ಹೀಗೇ ಊಟದ ಹೊತ್ತಿಗೆ ಪ್ರವಾಸಿಗರು ಬಂದು ಬಾಗಿಲು ತಟ್ಟಿದಾಗ ನೀನು, "ಎರ್ಸೀಲಿಯಾ, ಮಂಡಿ ನೋಯ್ತಿದೆ ಕಣೆ, ಇವತ್ತೊಂದಿನ ನೀನೇ ಹೋಗ್ಬಾ" ಅಂದಿದ್ದೆ.

"ಪಾಸ್ತಾ ಆರೋಗುತ್ತೆ, ಅವರು ಕಾಯ್ಲಿ ಬಿಡು" ಅಂದಿದ್ದೆ ನಾನು.

ನೀನೇ ಎದ್ದು ಹೋದೆ. ಉಸಿರಿಲ್ಲದ ನಿನ್ನನ್ನು ಆ ಪ್ರವಾಸಿಗರೇ ಹೊತ್ತು ತಂದದ್ದು ಊರಿಗೆಲ್ಲ ಗೊತ್ತು. ಅಷ್ಟರಲ್ಲಿ ನಾನು, ಇನ್ನೂ ಬರಲಿಲ್ಲವೆಂಬ ಸಿಟ್ಟಿಗೆ, ನಿನ್ನ ಪಾಸ್ತಾವನ್ನು ಕೋಳಿಗಳಿಗೆ ಸುರಿದು ತಟ್ಟೆ ತೊಳೆದಿಟ್ಟಿದ್ದೆ. ಅದನ್ನು ಯಾರಿಗೂ ಹೇಳಿಲ್ಲ.