ನಾಲ್ಕನೆಯ ಅಳತೆ ಪುಸ್ತಕ

ಗದಗ, ಶ್ರಾವಣದ ಮೂವತ್ತಾರನೆಯ ದಿನ, 2204

ಸುಭದ್ರವ್ವ ಬಡಿಗೇರಳಿಗೆ, ಅವಳ ಏಳನೆಯ ತಲೆಮಾರಿನ ಶಂಕ್ರವ್ವ ಬರೆಯುವುದು.

ತಾರೀಖು ನೋಡಿ ಗಾಬರಿಯಾಗಬೇಡ. ಮಳೆ ತಡವಾಗಿ ಬರುವುದರಿಂದ ನಾವು ಶ್ರಾವಣವನ್ನು ನಲವತ್ತು ದಿನಕ್ಕೆ ಹಿಗ್ಗಿಸಿಕೊಂಡಿದ್ದೇವೆ. ಹಿಂದಿನವರಿಗೆ ಬರೆಯುವ ಇಂಥ ಪತ್ರಕ್ಕೆ ಇಲ್ಲಿ ಹಿನ್ನೋಲೆ ಎನ್ನುತ್ತಾರೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ತಿಳಿಯದ ಪದ ಬಂದರೆ ಮನ್ನಿಸು. ಸಂಬಂಧದಲ್ಲಿ ನೀನು ಹಿರಿಯಳು. ಆದರೆ ಇದು ಮುಟ್ಟುವಾಗ ನಿನಗೆ ಮೂವತ್ತೊಂದು, ನನಗೆ ಎಪ್ಪತ್ತೊಂಬತ್ತು. ಆದ್ದರಿಂದ ಹೇಳುವ ಹಕ್ಕು ನನಗಿದೆ. ನಾನು ಓದಿದ್ದು ಹತ್ತನೆಯ ತರಗತಿ. ನಿನ್ನ ಅಳತೆ ಪುಸ್ತಕಗಳನ್ನು ಓದಲು ಅಷ್ಟು ಸಾಕಾಯಿತು.

ನಿನ್ನ ಲೆಕ್ಕದಲ್ಲಿ ನಿನ್ನೆ, ನಿನ್ನ ಮೊದಲ ಸಿನಿಮಾದ ಸೆಟ್ಟು ಒಡೆದರು. ಬೆಟಗೇರಿಯ ನೇಕಾರನ ಮನೆ. ನಾಟಕ ಕಂಪನಿಗೆ ಸಿಂಹಾಸನ ಮಾಡಿಕೊಡುತ್ತಿದ್ದ ಕಾಳಪ್ಪನ ಮಗಳಾದ ನೀನು ಕಲಾ ನಿರ್ದೇಶಕಿಯಾಗಿ ಕಟ್ಟಿದ ಮೊದಲ ಮನೆ. ಅದಕ್ಕಾಗಿ ಬೆಟಗೇರಿಯ ಮನೆಗಳನ್ನು ಅಳೆದು ನಾಲ್ಕು ಪುಸ್ತಕ ತುಂಬಿಸಿದೆ. ಹೊಸ ಪ್ಲೈವುಡ್ಡಿನ ಗೋಡೆ ಹಳೆಯದಾಗಿ ಕಾಣಲೆಂದು ಓಣಿಯ ಎಂಟು ಹೆಂಗಸರನ್ನು ಕರೆಸಿ, ತಲೆಗೆ ಎಣ್ಣೆ ಹಚ್ಚಿಸಿ, ಗೋಡೆಗೆ ಒರಗಿಸಿ ಕೂರಿಸಿದೆ. “ಏ ಸುಭದ್ರಾ, ಗೋಡಿಗೆ ಎಣ್ಣಿ ಹತ್ತಿದ್ರ ಮನ್ಯಾಗ ಅತ್ತಿ ಬೈತಾಳ, ನೀ ನೋಡಿದ್ರ ಚಹಾ ಕುಡಿಸಿ ಹಚ್ಚಸ್ತೀಯಲ್ಲ” ಎಂದು ಅವರು ನಕ್ಕದ್ದನ್ನೂ ಮೂರನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೀ. ಸೆಟ್ಟು ಒಡೆಯುವಾಗ ನಿರ್ಮಾಪಕ, “ತಂಗಿ, ಗೋಡಿ ನೋಡಾಕ ಯಾರರೆ ಟಿಕೀಟ ತಗೋತಾರೇನು?” ಎಂದ. ನೀನು ಪುಸ್ತಕಗಳನ್ನು ಎತ್ತಿಕೊಂಡು ಮನೆಗೆ ಬಂದೆ.

ಈಗ ಕೇಳು. ನೀನು ಇನ್ನೂ ಮೂವತ್ಮೂರು ಸಿನಿಮಾ ಮಾಡುತ್ತೀ. ಪರದೆಯ ಮೇಲೆ ನಿನ್ನ ಹೆಸರು ಬರುವ ಹೊತ್ತಿಗೆ ಜನ ಎದ್ದು ಹೊರಗೆ ಹೋಗುತ್ತಿರುತ್ತಾರೆ, ಅದು ನಿಜ. ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಪದಕ ಬರುತ್ತದೆ. ಅದು ಎಲ್ಲಿ ಹೋಯಿತೋ ನಮಗೆ ಗೊತ್ತಿಲ್ಲ. ಪುಸ್ತಕಗಳು ಮಾತ್ರ ನಮ್ಮಲ್ಲಿವೆ.

ನಮ್ಮ ಹಿರಿಯರು ಅರವತ್ತು ವರ್ಷ ಅಚ್ಚುಮನೆಗಳಲ್ಲಿದ್ದರು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮನೆಗಳು. ಕಟ್ಟೆಯಿಲ್ಲ, ಗೂಡಿಲ್ಲ, ಗೋಡೆಗೆ ಒಂದು ಕಲೆಯೂ ಅಂಟದು. ಬಿಸಿಲಿಗೆ ಅವು ಬಿರಿದ ಮೇಲೆ ನಾವೇ ಕಟ್ಟಿಕೊಳ್ಳಬೇಕಾಯಿತು. ಆಗ ಕಟ್ಟೆ ಎಷ್ಟು ಎತ್ತರ ಇರಬೇಕೆಂದು ಹೇಳುವವರೇ ಇರಲಿಲ್ಲ. ನಿನ್ನ ಪುಸ್ತಕದಲ್ಲಿತ್ತು: “ಹದಿನಾರು ಅಂಗುಲ. ಕುಂತ ಮುದುಕಿಯ ಕಾಲು ನೆಲಕ್ಕೆ ತಾಗಬೇಕು.” ನಿನ್ನ ಅಳತೆಯಲ್ಲಿ ಇನ್ನೂರ ಹನ್ನೆರಡು ಮನೆ ಎದ್ದಿವೆ. ಸಂಜೆ ಕಟ್ಟೆಯ ಮೇಲೆ ಕೂರುತ್ತೇನೆ; ನನ್ನ ಕಾಲು ನೆಲಕ್ಕೆ ತಾಗುತ್ತದೆ. ನಾನು ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ.

ಒಂದು ತಪ್ಪೂ ಆಯಿತು. ನೀನು ಪ್ರತಿ ಪಡಸಾಲೆಯ ಒಂದು ಗೋಡೆಗೆ ಕೊಂಡಿ ಬರೆದು “ಕಳಚುವುದು” ಎಂದಿದ್ದೀ. ನಾವು ಎಲ್ಲ ಮನೆಗೂ ಕಳಚುವ ಗೋಡೆ ಇಟ್ಟೆವು. ಅದು ಕ್ಯಾಮೆರಾಕ್ಕೆ ಜಾಗ ಬಿಡಲಿಕ್ಕೆಂದು ಹನ್ನೊಂದನೆಯ ಪುಸ್ತಕದಲ್ಲಿ ಓದಿ ನಾನು ಊರ ಕೂಟದಲ್ಲಿ ಹೇಳಿದೆ. “ಇರಲಿ ಬಿಡಬೇ ಶಂಕ್ರವ್ವ, ಗೋಡಿ ತೆಗದ್ರ ಮದವಿ ಮನ್ಯಾಗ ಆಗತೈತಿ” ಎಂದರು. ಹಾಗೇ ಉಳಿಯಿತು.

ಹತ್ತೊಂಬತ್ತು ಪುಸ್ತಕಗಳಲ್ಲಿ ನಮಗೆ ಸಿಕ್ಕಿದ್ದು ಹದಿನೆಂಟು. ಐದನೆಯದರ ಮೊದಲ ಪುಟದಲ್ಲಿ, ಸೆಟ್ಟು ಒಡೆದ ಎರಡು ದಿನದ ಮೇಲಿನ ತಾರೀಖಿನ ಕೆಳಗೆ, ನಿನ್ನ ಕೈಬರಹವಿದೆ: “ನಾಲ್ಕನೇದರಾಗ ಅವ್ವನ ಅಡಿಗಿಮನಿ ಇತ್ತು. ಬಚ್ಚಲ ಒಲಿಗೆ ಹಾಕಿದೆ. ನೀರು ಚಲೋ ಕಾದ್ವು.”

ಅದಕ್ಕೇ ನಮ್ಮ ಅಡುಗೆಮನೆಗಳು ಊಹೆಯವು. ನಿನ್ನ ಅವ್ವನ ಒಲೆಯ ಮುಂದೆ ಮೂವರು ಕೂತು ರೊಟ್ಟಿ ಬಡಿಯುತ್ತಿದ್ದರೆಂದು ಎಲ್ಲೋ ಒಂದು ಸಾಲು ಬರೆದಿದ್ದೀ. ಹೇಗೆ ಕೂತರು, ಒಲೆ ಎಲ್ಲಿತ್ತು, ಹೊಗೆ ಎತ್ತ ಹೋಯಿತು, ಬರೆದಿಲ್ಲ. ನಾವು ನಾಲ್ಕು ಸಲ ಒಡೆದು ಕಟ್ಟಿದೆವು. ಇಬ್ಬರು ಕೂತರೆ ಮೂರನೆಯವಳು ಹೊಸ್ತಿಲಿನ ಹೊರಗೆ ಉಳಿಯುತ್ತಾಳೆ. ನಮ್ಮ ಮನೆಯಲ್ಲಿ ಆ ಮೂರನೆಯವಳು ನಾನು. ಸೊಸೆ, ಮೊಮ್ಮಗಳು ಒಳಗೆ ನಗುವುದನ್ನು ಹೊರಗೆ ಕೂತು ಕೇಳುತ್ತೇನೆ.

ನಾಳೆ ಬೆಳಿಗ್ಗೆ ನೀನು ಆ ಪುಸ್ತಕ ಹಿಡಿದು ಬಚ್ಚಲ ಒಲೆಯ ಮುಂದೆ ಕೂರುತ್ತೀ. ಸಿಟ್ಟಿದ್ದರೆ ಇರಲಿ, ನಮ್ಮ ಮನೆತನದವರಿಗೆ ಅದು ಶೋಭೆಯೇ. ಪುಸ್ತಕವನ್ನು ಮಾತ್ರ ಒಳಗೆ ಒಯ್ದು ಟ್ರಂಕಿನಲ್ಲಿಡು. ಕಟ್ಟಿಗೆ ಸಾಲದಿದ್ದರೆ ಅದೊಂದು ದಿನ ತಣ್ಣೀರಲ್ಲಿ ಜಳಕ ಮಾಡು.