ಅಕ್ಕ ಕೇಳಿದ ಅಳತೆ

ತಾರೀಖು ೯, ಬುಧವಾರ

ಅಕ್ಕಾ,

ನಿನಗೂ ಭಾವನಿಗೂ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ. ಆ ಸಾಲು ಬಿಟ್ಟೇ ಶುರುಮಾಡುತ್ತೇನೆ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ‘ನಿನ್ನ ಮಗಳು, ನನ್ನ ಮೆಣಸಿನ ಹುಟ್ಟುಹಬ್ಬಕ್ಕೆ ಈ ಸಲವೂ ಫ್ರಾಕು ನನ್ನದೇ. ಎದೆ, ಭುಜ, ಉದ್ದ ಮೂರು ಅಳತೆ ಕಳಿಸು, ಸಾಕು’ ಎಂದು ಬರೆದಿದ್ದೆ. ಮೂರು ಅಂಕಿ ಬರೆಯಲು ಮೂರು ವಾರ! ಅತ್ತೆಗೆ ಮಂಡಿನೋವು, ಮಗುವಿಗೆ ನೆಗಡಿ, ಇವರಿಗೆ ಪ್ರೆಸ್ಸಿನಲ್ಲಿ ಹೊತ್ತಿಲ್ಲದ ಹೊತ್ತಿನ ಕೆಲಸ, ಸಾಲದ್ದಕ್ಕೆ ಅಳತೆ ಟೇಪು ಎಲ್ಲಿಟ್ಟೆನೋ ಸಿಗಲಿಲ್ಲ. ನೀನು ಮಿಷನ್ನಿನ ಮುಂದೆ ಕೂತು ‘ಇವಳ ನೆಪಕ್ಕೆ ಕೊನೆಯಿಲ್ಲ’ ಎಂದು ಗೊಣಗಿರುತ್ತೀ. ಗೊಣಗು. ನಿನ್ನ ಹತ್ತಿರ ಬೈಸಿಕೊಂಡರೆ ನನಗೆ ನಿದ್ದೆಯಾದರೂ ಬಂದೀತು.

ಮೆಣಸಿಗೆ ನಾನು ಹಳೆಬಟ್ಟೆ ಕೊಳ್ಳುವ ವಿಷಯ ನಿನಗೆ ಬರೆದಿರಲಿಲ್ಲ, ನೊಂದುಕೊಳ್ಳುತ್ತೀಯೆಂದು. ಇವರ ಸಂಬಳ ಕಡಿತವಾದ ಮೇಲೆ ಶುರುವಾದದ್ದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಹಳೆಬಟ್ಟೆಯವರು ಗಂಟು ಬಿಚ್ಚಿಕೊಂಡು ಕೂರುತ್ತಾರೆ. ಅಂಗಡಿಯಲ್ಲಿ ಹೊಸದೊಂದು ಬರುವ ದುಡ್ಡಿಗೆ ಅಲ್ಲಿ ನಾಲ್ಕು. ಮಕ್ಕಳ ಬಟ್ಟೆ ಮಾರುವಾಕೆಯನ್ನು ಎಲ್ಲರೂ ಗಂಟಿನಮ್ಮ ಎನ್ನುತ್ತಾರೆ. ಬಟ್ಟೆಯನ್ನು ಮೊದಲು ಒಳಮೈ ತಿರುಗಿಸಿ ನೋಡಬೇಕು, ಕಂಕುಳು ನೋಡಬೇಕು, ಮಂಡಿ ನೋಡಬೇಕು, ಜಿಪ್ಪನ್ನು ಮೂರು ಸಲ ಎಳೆಯಬೇಕು ಎಂದೆಲ್ಲ ಕಲಿಸಿದವಳು ಅವಳೇ.

ಮೊದಲ ದಿನ ಅತ್ತೆ ಚೀಲ ನೋಡಿ, “ಯಾರೋ ಹಾಕಿ ಬಿಟ್ಟಿದ್ದನ್ನ ನನ್ನ ಮೊಮ್ಮಗಳಿಗೆ ಹಾಕ್ತೀಯಾ? ಡಿಗ್ರಿ ಓದಿ ಕಲ್ತಿದ್ದು ಇದೇನಾ?” ಎಂದರು. ನಾನು ಕುದಿಯುವ ನೀರಿಗೆ ಹಾಕಿ ಒಗೆದೆ, ಬಿಸಿಲಿಗೆ ಹಾಕಿದೆ, ಇಸ್ತ್ರಿ ಮಾಡಿದೆ. ಕತ್ತಿನ ಹಿಂದಿನ ಲೇಬಲ್ಲುಗಳನ್ನು ಕತ್ತರಿಸಿದೆ. ಅವುಗಳ ಮೇಲೆ ಬೇರೆ ಮಕ್ಕಳ ಹೆಸರು ಇರುತ್ತಿತ್ತು. ಎಷ್ಟು ವಯಸ್ಸಿನವರ ಬಟ್ಟೆ ಎಂಬುದೂ ಇರುತ್ತಿತ್ತು.

ಬೆಳೆಯುವ ಮಗುವಲ್ಲವೇ ಎಂದು ಒಂದು ಅಳತೆ ದೊಡ್ಡದನ್ನೇ ತರುತ್ತಿದ್ದೆ. ಹೋದ ವರ್ಷ ತಂದ ಕೆಂಪು ಕೋಟಿನ ತೋಳನ್ನು ಎರಡು ಮಡಿಕೆ ಮಡಚಿ ಹಾಕಿದ್ದೆ. ಈ ವರ್ಷವೂ ಎರಡೇ ಮಡಿಕೆ.

ಬೈಯುತ್ತಿದ್ದ ಅತ್ತೆಯೇ ಈಗ ಪಕ್ಕದ ಮನೆಯವರಿಗೆ, “ನಮ್ಮ ಸೊಸೆ ತರೋ ಬಟ್ಟೆ ವರ್ಷ ಕಳೆದ್ರೂ ಸಾಲೋಲ್ಲ ಅನ್ನೋ ಮಾತೇ ಇಲ್ಲ” ಎಂದು ಹೊಗಳುತ್ತಾರೆ. ಇವರು ಮಗಳನ್ನು ಎತ್ತಿಕೊಂಡು, “ಅಪ್ಪನ ಜೇಬು ನೋಡ್ಕೊಂಡು ಬೆಳೀತಾಳೆ ನನ್ನ ಜಾಣೆ” ಎನ್ನುತ್ತಾರೆ. ಎಲ್ಲರ ಜೊತೆ ನಾನೂ ನಕ್ಕೆ, ಅಕ್ಕ. ಸಂಖ್ಯಾಶಾಸ್ತ್ರ ಓದಿದವಳು ನಾನು. ಸರಾಸರಿಗಿಂತ ಕೆಳಗೆ ಯಾರಾದರೂ ಇರಲೇಬೇಕಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಹೋದ ತಿಂಗಳು ಎಂದಿನಂತೆ ಒಬ್ಬಳೇ ಓಣಿಗೆ ಹೋಗಿದ್ದೆ. ನಾನು ಆರಿಸಿದ ಎರಡು ಅಂಗಿ ನೋಡಿ ಗಂಟಿನಮ್ಮ ಕೇಳಿದಳು: “ಹೋದ ವರ್ಷ ಒಯ್ದಿದ್ದೂ ಇದೇ ಅಳತೆ ಅಲ್ವಾ ತಾಯಿ? ಇದು ಎರಡನೇ ಮಗೂಗಾ?”

ಹೂಂ ಎಂದುಬಿಟ್ಟೆ.

ಯಾಕೆ ಅಂದೆನೋ ಗೊತ್ತಿಲ್ಲ. ಬಾಯಿ ತನ್ನಷ್ಟಕ್ಕೆ ಅಂದಿತು. ಅವಳಿಗೆ ಎಷ್ಟು ಖುಷಿ! “ಹೇಳೋದೇ ಇಲ್ವಲ್ಲ ನೀವು! ದೊಡ್ಡೋಳಿಗೂ ಒಂದು ತಗೊಳ್ಳಿ” ಎಂದು ಐದು ವರ್ಷದವರ ಹಳದಿ ಫ್ರಾಕೊಂದನ್ನು ಮಡಚಿ ಕೊಟ್ಟಳು. ಕೊಂಡುಕೊಂಡೆ. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಇಬ್ಬರು ಮಕ್ಕಳಿದ್ದರು, ಅವರಲ್ಲಿ ಒಬ್ಬಳು ಬೆಳೆಯುತ್ತಿದ್ದಳು. ಆ ಫ್ರಾಕು ಈಗಲೂ ಬೀರುವಿನಲ್ಲಿ ನನ್ನ ಸೀರೆಗಳ ಅಡಿಯಲ್ಲಿದೆ.

ಮೊನ್ನೆ ಭಾನುವಾರ ಅತ್ತೆಗೆ ಮಂಡಿನೋವು ಜಾಸ್ತಿಯಾಗಿ ಮಗುವನ್ನು ಬಿಟ್ಟುಹೋಗುವಂತಿರಲಿಲ್ಲ. ಬೇರೆ ಬಟ್ಟೆಯವರ ಹತ್ತಿರ ಹೋಗೋಣವೆಂದು ತಲೆ ತಗ್ಗಿಸಿಕೊಂಡು ಹೊರಟರೆ ಗಂಟಿನಮ್ಮ ದೂರದಿಂದಲೇ ಕೂಗಿದಳು. “ಏನ್ ತಾಯಿ, ನಮ್ಮನ್ನ ಬಿಟ್ಟು ಎಲ್ಲಿ? ಇವಳೇ ಚಿಕ್ಕೋಳಾ? ದೊಡ್ಡೋಳನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಮೆಣಸು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿತು: “ನಾನೇ ದೊಡ್ಡೋಳು! ನಂಗೆ ಮುಂದಿನ ತಿಂಗಳು ನಾಲ್ಕು ತುಂಬತ್ತೆ. ಚಿಕ್ಕೋರು ಯಾರೂ ಇಲ್ಲ ನಮ್ಮನೇಲಿ.”

ಗಂಟಿನಮ್ಮ ನನ್ನ ಮುಖ ನೋಡಿದಳು. ನಾನು ಅಂಗಿಯೊಂದನ್ನು ಎತ್ತಿಕೊಂಡು ಒಳಮೈ ತಿರುಗಿಸಿ ಕಂಕುಳು ನೋಡತೊಡಗಿದೆ. ಅವಳು ಮಗುವನ್ನು ಹತ್ತಿರ ಕರೆದು ಭುಜದಿಂದ ಮಂಡಿಯವರೆಗೆ ಗೇಣು ಹಾಕಿದಳು. ಆಮೇಲೆ ನನ್ನ ಕೈಯಿಂದ ಅಂಗಿಯನ್ನು ಮೆಲ್ಲಗೆ ತೆಗೆದುಕೊಂಡು ಗಂಟಿನೊಳಗೆ ಇಟ್ಟಳು.

“ನಾನು ಬಟ್ಟೆ ಮಾರೋಳು, ಡಾಕ್ಟರಲ್ಲ. ಆದ್ರೆ ಹದಿನೆಂಟು ವರ್ಷದಿಂದ ಮಕ್ಕಳ ಭುಜಾನೇ ನೋಡ್ತಿದೀನಿ. ಇವತ್ತು ನಿಮಗೆ ವ್ಯಾಪಾರ ಇಲ್ಲ ತಾಯಿ. ಮೊದ್ಲು ಎಲ್ಲಾದ್ರೂ ತೋರ್ಸಿ.”

“ನಿಮ್ಮ ಕೆಲಸ ನೀವು ನೋಡ್ಕೊಳ್ಳಿ” ಎಂದು ಜೋರಾಗಿಯೇ ಅಂದೆ. ಓಣಿಯಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಅವಳು ಕೋಪಿಸಿಕೊಳ್ಳಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಮನೆಯಲ್ಲಿ ಹೇಳಿದೆ. ಅತ್ತೆ, “ನಮ್ಮ ಕಡೆಯೋರೆಲ್ಲ ಕುಳ್ಳರೇ. ನಾನೇನು ಏಣಿಯಷ್ಟಿದೀನಾ?” ಎಂದರು. ಇವರು, “ಹಳೆಬಟ್ಟೆಯೋಳ ಮಾತಿಗೆಲ್ಲ ಆಸ್ಪತ್ರೆಗೆ ಹೋಗ್ತಾರೇನೇ?” ಎಂದು ನಕ್ಕರು. ನಾನು ಕೆಂಪು ಕೋಟು ತಂದು ಮಗಳಿಗೆ ತೊಡಿಸಿ ಇವರ ಮುಂದೆ ನಿಲ್ಲಿಸಿದೆ. “ಹೋದ ವರ್ಷದ ಕೋಟು. ತೋಳು ನೋಡಿ” ಎಂದೆ. ಇವರು ಮಡಿಕೆ ಬಿಚ್ಚಿದರು, ಮತ್ತೆ ಮಡಚಿದರು, ಮತ್ತೆ ಬಿಚ್ಚಿದರು. ಮಗಳಿಗೆ ಅದೊಂದು ಆಟ, ಕಿಲಕಿಲ ನಗುತ್ತಿದ್ದಳು. ಇವರು ನಗಲಿಲ್ಲ. ಮರುದಿನವೇ ಪ್ರೆಸ್ಸಿನಲ್ಲಿ ರಜೆ ಕೇಳಿ ಬಂದರು.

ನಾಳೆ ಹತ್ತು ಗಂಟೆಗೆ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಅತ್ತೆಯೂ ಬರುತ್ತಾರಂತೆ, ಕುಂಟಿಕೊಂಡು. “ನನ್ನ ಎತ್ತರಾನೂ ಅವ್ರು ನೋಡ್ಲಿ” ಎನ್ನುತ್ತಾರೆ. ಡಾಕ್ಟರು ಏನು ಹೇಳುತ್ತಾರೋ. ಯಾಕೆ ಇಷ್ಟು ದಿನ ಬಿಟ್ಟಿರಿ ಎಂದು ಕೇಳಿದರೆ ಏನು ಹೇಳಲಿ ಎಂದೇ ಬೆಳಗಿನಿಂದ ಯೋಚಿಸುತ್ತಿದ್ದೇನೆ.

ನೀನು ದೊಡ್ಡವಳು. ನಿನ್ನ ಬಾಯಿಂದ ಬಂದ ಒಳ್ಳೆಯ ಮಾತು ನನಗೆ ಯಾವತ್ತೂ ಸುಳ್ಳಾಗಿಲ್ಲ. ಇವಳಿಗಾಗಿ ಒಂದು ಮಾತು ಹರಸು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ.

ನಿನ್ನ ತಂಗಿ

ಬರೆದು ಮುಗಿಸಿದ ಮೇಲೆ:

ಟೇಪು ಕಳೆದಿರಲಿಲ್ಲ ಅಕ್ಕ. ನಿನ್ನ ಪತ್ರ ಬಂದ ದಿನವೇ ಅಳೆದೆ. ನಂಬದೆ ಮೂರು ಸಲ ಅಳೆದೆ. ಎದೆ ಇಪ್ಪತ್ತೊಂದು, ಭುಜ ಎಂಟೂವರೆ, ಉದ್ದ ಹದಿನೆಂಟು. ನಿನ್ನ ಅಳತೆ ಪುಸ್ತಕದಲ್ಲಿ ಹೋದ ವರ್ಷದ ಪುಟ ತೆಗೆಯಬೇಡ, ಅಲ್ಲಿ ಇರುವುದೂ ಇದೇ. ನೀನು ಪಕ್ಕಪಕ್ಕ ಇಟ್ಟು ನೋಡುತ್ತೀಯೆಂದೇ ಬರೆಯಲಿಲ್ಲ. ಆ ಮೂರು ವಾರವೂ ನಾನು ಡಾಕ್ಟರ ಹತ್ತಿರ ಹೋಗಬಹುದಿತ್ತು.

ಫ್ರಾಕನ್ನು ಈ ಅಳತೆಗೇ ಹೊಲಿ. ಆದರೆ ಪಕ್ಕಗಳಲ್ಲೂ ಅಂಚಿನಲ್ಲೂ ಒಳಗೆ ಬಟ್ಟೆ ಬಿಡು, ಬಿಚ್ಚಿ ದೊಡ್ಡದು ಮಾಡುವ ಹಾಗೆ. ನೀನು ಯಾವಾಗಲೂ ಎರಡು ಬೆರಳು ಬಿಡುತ್ತೀ. ಈ ಸಲ ನಾಲ್ಕು ಬಿಡು.