ಒಂಬತ್ತನೇ ಸಂಖ್ಯೆಯ ಬೆರಳು

ಒಕಾಯಾಮ,
ನವೆಂಬರ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತೆ? ಕಡಲ ಗಾಳಿಗೆ ಕ್ವಾರ್ಟರ್ಸಿನ ಕಿಟಕಿ ಇನ್ನೂ ಹಲ್ಲು ಕಟಕಟಿಸುತ್ತದೆಯೆ? ಅಮ್ಮ ಕಳಿಸಿದ ದಪ್ಪ ಬನಿಯನ್ ಮೈಮೇಲೆ ಹಾಕಿಕೊಳ್ಳುತ್ತಿದ್ದೀಯೋ, ಅಥವಾ ಅದಕ್ಕೂ ಬೆರಳು ತೋರಿಸಿ "ಬನಿಯನ್, ಇದೆ!" ಎಂದು ಕೂಗಿ ಪೆಟ್ಟಿಗೆಯಲ್ಲೇ ಬಿಟ್ಟಿದ್ದೀಯೋ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಬಾಲ್ಕನಿಯಲ್ಲಿ ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆದು ದಾರಕ್ಕೆ ಕಟ್ಟಿ ಒಣಹಾಕಿದ್ದಾಳೆ. ಕಾಗೆಗಳಿಗೂ ಅವಳಿಗೂ ದಿನಾ ಯುದ್ಧ. ಸದ್ಯಕ್ಕೆ ಕಾಗೆಗಳ ಕೈಯೇ ಮೇಲು, ಕಾಗೆಗೆ ಕೈ ಇಲ್ಲದಿದ್ದರೂ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಸರಿ, ಸರಿ, ಆಯ್ತು" ಅಂದುಬಿಡುತ್ತೀಯ. ನಾನೀಗ ಹೇಳಬೇಕಾದದ್ದು ನಿನ್ನ ಆ "ಸರಿ"ಯ ವಿಷಯವನ್ನೇ. ತಮಾಷೆ ಮಾಡುತ್ತಾ ಹೇಳಿದರೆ ಕೊನೆಯವರೆಗೂ ಬರೆದೇನು ಎಂದು ತಮಾಷೆಯಿಂದಲೇ ಶುರುಮಾಡಿದ್ದೇನೆ, ಅಷ್ಟೆ.

ಸರಿಯಿದೆಯೆ ಎಂದು ನೋಡಿದ್ದಕ್ಕೆಲ್ಲ ಬೆರಳು ತೋರಿಸಿ ಕೂಗುವುದು ರೈಲು ಓಡಿಸುವ ನಿಮ್ಮವರ ಧರ್ಮ. ನಮ್ಮ ಮನೆಯಲ್ಲಿ ಅದು ಮನೆದೇವರು. ಬೀಗಕ್ಕೆ ಬೆರಳು, ಕೊಡೆಗೆ ಬೆರಳು, ನನ್ನ ಅಂಕಪಟ್ಟಿಗೆ ಬೆರಳು: "ಗಣಿತ, ನಲವತ್ತೆರಡು! ಎಚ್ಚರಿಕೆ!" ಮದುವೆಯ ದಿನ ದೇಗುಲದ ಮೆಟ್ಟಿಲ ಮೇಲೆ ನೀನು "ವಧು, ಸರಿ! ಹೊರಡೋಣ!" ಅಂದೆಯಂತೆ. ಮೂವತ್ತಾರು ವರ್ಷವಾದರೂ ಅಮ್ಮ ಅದನ್ನು ಮರೆತಿಲ್ಲ. "ಅವತ್ತಾದ್ರೂ ತೋರ್ಸಿದ್ರು ಕಣೇ, ಆಮೇಲಿಂದ ನಾನು ಇದೀನೋ ಇಲ್ವೋ ಅಂತ ಯಾರು ನೋಡಿದ್ರು?" ಅನ್ನುತ್ತಾಳೆ. ನಿನ್ನ ಈ ಬೆರಳನ್ನು ನೋಡುತ್ತಲೇ ಬೆಳೆದು, ಕಡೆಗೆ ಮನುಷ್ಯರ ಕೈ, ಕಣ್ಣು, ಮರೆವುಗಳಿಗೆ ತಕ್ಕ ಯಂತ್ರ ಹೇಗಿರಬೇಕು ಎಂದು ಹುಡುಕುವ ಸಂಶೋಧನೆಯನ್ನೇ ನಾನು ಹೊಟ್ಟೆಪಾಡು ಮಾಡಿಕೊಂಡೆ.

ಈಗ ವಿಷಯ. ನಮ್ಮ ಪ್ರಯೋಗಾಲಯದಲ್ಲಿ ರೈಲು ಚಾಲಕನ ಕೋಣೆಯ ತದ್ರೂಪು ಒಂದಿದೆ. ಗಾಜಿನ ಬದಲು ತೆರೆ, ತೆರೆಯ ಮೇಲೆ ಹಳಿ. ಹೋದ ತಿಂಗಳು ಬೇರೆ ಬೇರೆ ಮಾರ್ಗಗಳಿಂದ ಇಪ್ಪತ್ತು ಮಂದಿ ಚಾಲಕರು ಬಂದು ಅದರಲ್ಲಿ ಒಬ್ಬೊಬ್ಬರೂ ನಲವತ್ತು ಸಲ ಗಾಡಿ ಹೊರಡಿಸಿದರು. ಮೂವತ್ತೇಳನೇ ಸಲ ಸಿಗ್ನಲ್ ದೀಪವನ್ನು ನಾವು ಬೇಕೆಂದೇ ಆರಿಸಿದ್ದೆವು. ಆ ಕಿತಾಪತಿ ನನ್ನದೇ. ಉರಿಯದ ದೀಪವೆಂದರೆ ಕೆಂಪೇ ಎನ್ನುವುದು ನಿಮ್ಮಲ್ಲಿ ಮೊದಲ ದಿನದ ಪಾಠ. ಹದಿನಾರು ಮಂದಿ ನಿಂತರು. ನಾಲ್ವರು ಆರಿದ ದೀಪಕ್ಕೆ ಬೆರಳು ತೋರಿಸಿ "ಸಿಗ್ನಲ್ ಹಸಿರು, ಹೊರಡು!" ಎಂದು ಕೂಗಿ ಹೊರಟೇಹೋದರು. ಬಂದವರು ಯಾರೆಂದು ನಾವು ಕೇಳುವ ಹಾಗಿಲ್ಲ, ಅವರು ಯಾರಿಗೂ ಹೇಳುವ ಹಾಗಿಲ್ಲ. ಕ್ಯಾಮೆರಾಕ್ಕೆ ಕಾಣುವುದು ಭುಜದಿಂದ ಮೊಣಕಾಲಿನವರೆಗೆ ಮಾತ್ರ, ದನಿಯನ್ನೂ ಬದಲಿಸಿರುತ್ತೇವೆ, ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ. ಇಲ್ಲದಿದ್ದರೆ ಯಾರು ಬಂದಾರು? ತಪ್ಪಿದವರನ್ನು ನಿಮ್ಮ ಕಚೇರಿ ಕೋಣೆಯಲ್ಲಿ ಕೂರಿಸಿ ವಾರಗಟ್ಟಲೆ ತಪ್ಪೊಪ್ಪಿಗೆ ಬರೆಸುವುದು ಊರಿಗೇ ಗೊತ್ತು.

ಸೋಮವಾರ ಆ ದೃಶ್ಯಗಳನ್ನು ನೋಡುತ್ತಾ ಕೂತಿದ್ದೆವು. ಒಂಬತ್ತನೇ ಸಂಖ್ಯೆ ಬಂದಾಗ ನಮ್ಮ ಮುಖ್ಯಸ್ಥ ಕುರೆಮಾತ್ಸು ಅವರಿಗೆ ಖುಷಿಯೋ ಖುಷಿ. "ಆಹಾ, ಕೈ ನೋಡ್ರಮ್ಮ! ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ! ಇಷ್ಟು ಚೆಂದವಾಗಿ ತಪ್ಪು ಮಾಡೋರು ಇನ್ನೊಬ್ರಿಲ್ಲ!" ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಬಿಳಿ ಕೈಗವಸು ಕೆಳಗಿಳಿದು ಮೊಣಕಾಲನ್ನು ಎರಡು ಸಲ ತಟ್ಟಿತು. ಉಂಗುರದ ಬೆರಳು ಪೂರ್ತಿ ಮಡಚಿರಲಿಲ್ಲ. ನನಗೆ ನಾಲ್ಕು ವರ್ಷವಾಗಿದ್ದಾಗ ಬೋಗಿಯ ಬಾಗಿಲಿಗೆ ಸಿಕ್ಕಿದ ನಿನ್ನ ಬೆರಳು ಅದು. ಅಕ್ಟೋಬರಿನಲ್ಲಿ "ಒಂದು ದಿನದ ತರಬೇತಿ ಇದೆ" ಎಂದಷ್ಟೇ ಅಮ್ಮನಿಗೆ ಹೇಳಿದ್ದೆಯಲ್ಲ. ಹೇಳಬಾರದು ಎಂದರೆ ಹೇಳದವನು ನೀನು.

ಅಪ್ಪಾ, ನಿನ್ನನ್ನು ದೂರುತ್ತಿಲ್ಲ. ಸಾವಿರ ಸಲ ಹಸಿರನ್ನೇ ತೋರಿಸಿದ ದೀಪ ಕಣ್ಣಿಗೆ ನಿದ್ದೆ ಕಲಿಸುತ್ತದೆ. ಕಣ್ಣು ಮಲಗಿದ ಮೇಲೆ ಬೆರಳೂ ಬಾಯೂ ತಮ್ಮ ಪಾಡಿಗೆ ಸಂಸಾರ ನಡೆಸುತ್ತವೆ. ಅದು ದೀಪ ಮಾಡಿದವರ ತಪ್ಪು, ನನ್ನಂಥವರ ತಪ್ಪು. ಆದರೆ ನಿನ್ನ ಮಾರ್ಗದ ಇಸೊಜಾಕಿ ನಿಲ್ದಾಣ ಕಣ್ಣಮುಂದೆ ಬಂದು ನಿಲ್ಲುತ್ತದೆ. ಒಂದೇ ಹಳಿಯ ಮಾರ್ಗ. ಸಂಜೆ ನಾಲ್ಕು ಹನ್ನೆರಡಕ್ಕೆ ಎದುರಿನ ಗಾಡಿ ಬರುವವರೆಗೆ ನೀನು ಅಲ್ಲಿ ಕಾಯಬೇಕು. ಅದರ ತುಂಬ ಶಾಲೆಯ ಮಕ್ಕಳು. ಆ ಹೊತ್ತಿಗೆ ಸೂರ್ಯ ನೇರ ಅಲ್ಲಿನ ಸಿಗ್ನಲ್ ದೀಪದ ಮೋರೆಗೇ ಹೊಡೆಯುತ್ತಾನೆ. ನೀನೇ ಹೇಳಿದ್ದೆ: "ಆ ದೀಪ ಸರಿಯಾಗಿ ಕಾಣೋದೇ ಇಲ್ಲ ಮಗಳೇ. ಆದ್ರೆ ನಾನು ನೋಡೋ ಹೊತ್ತಿಗೆ ಹಸಿರು ಆಗೇ ಇರತ್ತೆ ಬಿಡು." ಅವತ್ತು ಅದನ್ನು ಕೇಳಿ ಸುಮ್ಮನಿದ್ದೆ. ತಾನೇ ಬ್ರೇಕು ಹಾಕುವ ಯಂತ್ರ ಇದೆಯಲ್ಲ ಅನ್ನುತ್ತೀಯ. ಇದೆ. ಅದು ಹಿಡಿದ ಮೇಲೂ ಗಾಡಿ ಎಷ್ಟು ಮೀಟರ್ ಜಾರುತ್ತದೆಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಇಸೊಜಾಕಿಯ ಲೆಕ್ಕವನ್ನು ಮಂಗಳವಾರ ಹಾಕಿದೆ. ಅದನ್ನು ಇಲ್ಲಿ ಬರೆಯಲಾರೆ.

ಹೊಸವರ್ಷದ ದಿನ ನೆನಪಿದೆಯೆ? ಎಲ್ಲರೂ ದೇಗುಲಕ್ಕೆ ಹೊರಟಾಗ ನೀನು ಒಲೆಗೆ ಬೆರಳು ತೋರಿಸಿ "ಗ್ಯಾಸ್, ಆರಿದೆ!" ಎಂದು ಕೂಗಿ ಮೊಣಕಾಲು ತಟ್ಟಿಕೊಂಡೆ. ಒಲೆ ಉರಿಯುತ್ತಿತ್ತು, ಮೇಲೆ ಸಾರು ಕುದಿಯುತ್ತಿತ್ತು. ಅಮ್ಮ ಆರಿಸುತ್ತಾ "ಬೆಂಕಿ ನಿಮ್ಮ ಮಾತು ಕೇಳಲ್ಲ ರೀ, ಅದೇನು ಪ್ರಯಾಣಿಕನೇ?" ಅಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇದೇ ನನ್ನ ಕಸುಬಾಗಿದ್ದೂ ನಾನೂ ನಕ್ಕೆ.

ಹೆಸರು ಹೊರಗೆ ಬಿಡುವುದಿಲ್ಲ ಎಂದು ಚಾಲಕರಿಗೆ ಕೊಟ್ಟ ಮಾತನ್ನು ಮುರಿಯಲಾರೆ. ಒಂಬತ್ತನೆಯವನ ಹೆಸರು ಹೊರಬಿದ್ದರೆ ನಾಳೆಯಿಂದ ಯಾವ ಚಾಲಕನೂ ನಮ್ಮ ಹೊಸ್ತಿಲು ತುಳಿಯುವುದಿಲ್ಲ. ಅದಕ್ಕೇ ಬೇಡುತ್ತಿದ್ದೇನೆ. ಬರುವ ಸೋಮವಾರದಿಂದ ನಿನಗೆ ಮತ್ತೆ ಸಂಜೆಯ ಪಾಳಿ. ಅದಕ್ಕೆ ಮೊದಲು ನೀನೇ ಸ್ಟೇಷನ್ ಮಾಸ್ಟರ್ ಕುಸುನೋಸೆ ಅವರ ಬಳಿ ಹೋಗಿ ಗಾಡಿಯಿಂದ ಇಳಿಸಿ ಎಂದು ಕೇಳು. ಕಾರಣ ಬೇಕಾದರೆ ಮೊಣಕಾಲಿದೆಯಲ್ಲ, ಇಷ್ಟು ವರ್ಷ ನೋಯಿಸಿದ ಋಣವನ್ನು ಅದೂ ತೀರಿಸಲಿ. ನಿವೃತ್ತಿಗೆ ಐದೇ ತಿಂಗಳು, ಕೊನೆಯ ದಿನ ಗಾಡಿ ಓಡಿಸಿಯೇ ಇಳಿಯಬೇಕೆಂಬ ನಿನ್ನ ಆಸೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ.

ಬನಿಯನ್ ಹಾಕಿಕೋ. ಕಾಗೆ ಬಿಟ್ಟ ಹಣ್ಣನ್ನು ಅಮ್ಮ ಮುಂದಿನ ವಾರ ಕಳಿಸುತ್ತಾಳಂತೆ. ಕಡಲೂ ಕಣ್ಣೂ ನಿನ್ನನ್ನು ಕಾಯಲಿ.

ನಿನ್ನ ನಲವತ್ತೆರಡು ಅಂಕದ ಮಗಳು,
ಚಿಗುಸಾ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಂಚೆಗೆ ಹಾಕಲು ಕೋಟು ತೊಟ್ಟು ಬಾಗಿಲಿಗೆ ಬಂದು, ತಿರುಗಿ ಒಲೆಗೆ ಬೆರಳು ತೋರಿಸಿ "ಗ್ಯಾಸ್, ಆರಿದೆ!" ಅಂದೆ. ಹಣ್ಣು ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತದೆ "ನೋಡಿ ಹೇಳೇ ತಾಯಿ" ಅಂದಳು. ನೋಡಿದೆ. ನೀಲಿಯಾಗಿ ಉರಿಯುತ್ತಿತ್ತು. ನಾನು ಮೊಣಕಾಲು ಬೇರೆ ತಟ್ಟಿಕೊಂಡಿದ್ದೆ, ಅಪ್ಪಾ. ಹಾಗಾಗಿ ಇದನ್ನು ನಿನ್ನ ಕೈಗೂ ಬಿಡಲಾರೆ, ನನ್ನ ಕೈಗೂ ಬಿಡಲಾರೆ. ಈಗಷ್ಟೇ ಕುಸುನೋಸೆ ಅವರಿಗೆ ಫೋನ್ ಮಾಡಿದೆ. ಪ್ರಯೋಗದ ಸುದ್ದಿ ಎತ್ತಲಿಲ್ಲ. ಹೊಸವರ್ಷದ ಒಲೆಯ ಕಥೆಯನ್ನಷ್ಟೇ ಮಗಳಾಗಿ ಹೇಳಿದೆ. ಮೊದಲು ಜೋರಾಗಿ ನಕ್ಕರು. ಆಮೇಲೆ "ಇಸೊಜಾಕಿ" ಅಂದೆ. ಪಾಳಿಯ ಪಟ್ಟಿ ತಿರುವುವ ಸದ್ದು ಕೇಳಿಸಿತು. ಕೊನೆಗೆ "ಸೋಮವಾರ ಅವ್ರನ್ನ ಗಾಡಿ ಹತ್ತಿಸಲ್ಲಮ್ಮ" ಅಂದರು. ನನ್ನ ಮೇಲೆ ಕೋಪ ಮಾಡಿಕೋ, ಆದರೆ ಮನೆಗೆ ಬಾ. ಈ ಕಾಗದವನ್ನು ಅಮ್ಮ ಅಂಚೆಗೆ ಹಾಕುತ್ತಾಳೆ. ನಾನು ಒಲೆಯ ಮುಂದೆ ಕೂತಿದ್ದೇನೆ. ಆರಿದೆ. ನಾಲ್ಕು ಸಲ ನೋಡಿದೆ, ಇನ್ನೂ ನಂಬಿಕೆ ಬರುತ್ತಿಲ್ಲ.